ಪೆದ್ದಿ ಅಂತಾರೆ ಅನ್ನೋ ಭಯಕ್ಕೆ ಬಾಯಿ ಮುಚ್ಚಿಕೊಳ್ಳಬೇಡ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನಿನ್ನ ರೂಮ್‌ಮೇಟ್ ಬಗ್ಗೆ "ಎಂಥ ಪೆದ್ದಿ ಅಮ್ಮಾ ಅವಳು, ಯಾರೋ ಪೊಲೀಸ್ ಅಂದ ತಕ್ಷಣ ದುಡ್ಡು ಕಳಿಸಿಬಿಟ್ಟಳು" ಅಂದೆ. ಆ ಮಾತು ನನಗೆ ಸರಿ ಅನ್ನಿಸಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೋಸ ಹೋದವರಿಗೆ ನಮ್ಮಲ್ಲಿ ಎಷ್ಟೊಂದು ಹೆಸರು ನೋಡು. ಪೆದ್ದಿ, ಬೆಪ್ಪುತಕ್ಕಡಿ, ಮಂಕುದಿಣ್ಣೆ, ಈಗ ನಿಮ್ಮ ಬಾಯಲ್ಲಿ ಬಕ್ರಾ. ಮೋಸ ಮಾಡಿದವನು ಮಾತ್ರ ಟೋಪಿ ಹಾಕಿದ, ಮೂರು ನಾಮ ಎಳೆದ, ಕಿವಿ ಮೇಲೆ ಹೂವಿಟ್ಟ. ಹೇಳುವವರಿಗೂ ನಗು, ಕೇಳುವವರಿಗೂ ನಗು. ಹೆಣ್ಣುಮಕ್ಕಳ ವಿಷಯದಲ್ಲಂತೂ ಇನ್ನೂ ಅನ್ಯಾಯ. ಮದುವೆ ಮಾತುಕತೆಯಲ್ಲಿ "ನಮ್ಮ ಹುಡುಗಿ ಹಸುವಿನಂಥವಳು, ಯಾರು ಏನು ಹೇಳಿದರೂ ಕೇಳ್ತಾಳೆ" ಅಂತ ಹೊಗಳುವವರೇ, ಅವಳು ಯಾರದೋ ಮಾತು ಕೇಳಿ ದುಡ್ಡು ಕಳೆದುಕೊಂಡರೆ "ಅಷ್ಟೂ ಬುದ್ಧಿ ಬೇಡ್ವಾ" ಅಂತಾರೆ.

ಆ ಹುಡುಗಿ ಪೆದ್ದಿಯಲ್ಲ. ಈ ಮೋಸಗಾರರು ಹೇಗೆ ಹಿಡಿಯುತ್ತಾರೆ ಗೊತ್ತಾ? ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ ಅಂತ ಶುರು. ಆಮೇಲೆ ವಿಡಿಯೊ ಕಾಲ್. ಖಾಕಿ ಬಟ್ಟೆ, ಹಿಂದೆ ಠಾಣೆಯ ಥರದ್ದೇ ಗೋಡೆ, ಮೇಜಿನ ಮೇಲೆ ಫೈಲು, ನಮ್ಮ ಆಧಾರ್ ನಂಬರ್ ಅವರೇ ಓದಿ ಹೇಳುತ್ತಾರೆ. ಕ್ಯಾಮೆರಾ ಆಫ್ ಮಾಡಬೇಡಿ, ಯಾರಿಗೂ ಹೇಳಬೇಡಿ, ಹೇಳಿದರೆ ಅವರನ್ನೂ ಒಳಗೆ ಹಾಕುತ್ತೇವೆ ಅನ್ನುತ್ತಾರೆ. "ಯಾರಿಗೂ ಹೇಳಬೇಡಿ" ಅನ್ನೋದೇ ಅವರ ನಿಜವಾದ ಆಯುಧ. ಪಕ್ಕದಲ್ಲಿ ಒಬ್ಬರಿದ್ದು "ಏ, ಕಟ್ ಮಾಡು" ಅಂದಿದ್ದರೆ ಮುಗಿಯುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಕೇಳಿಸಿದ್ದು ನಮ್ಮ ವಿಜಯಪುರದವರೊಬ್ಬರಿಗೆ ಬಂದಿದ್ದ ಇಂಥದೇ ಕಾಲ್.

ಹೀಗೆ ವಿಡಿಯೊ ಕಾಲ್‌ನಲ್ಲೇ ಬಂಧಿಸಿದ್ದೇವೆ ಅಂತ ಹೆದರಿಸೋದಕ್ಕೆ ಡಿಜಿಟಲ್ ಅರೆಸ್ಟ್ ಅಂತಾರೆ. ಅಂಥದ್ದು ಕಾನೂನಿನಲ್ಲಿ ಇಲ್ಲವೇ ಇಲ್ಲ. ವಿಡಿಯೊ ಕಾಲ್‌ನಲ್ಲಿ ಯಾವ ಪೊಲೀಸರೂ ಬಂಧಿಸುವುದಿಲ್ಲ, ದುಡ್ಡು ಹಾಕಿಸಿಕೊಂಡು "ಪರಿಶೀಲಿಸಿ ವಾಪಸ್ ಕೊಡ್ತೀವಿ" ಅನ್ನುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸೋದಕ್ಕೂ ಮ್ಯಾಜಿಸ್ಟ್ರೇಟರ ಅನುಮತಿ ಪಡೆದ ಮಹಿಳಾ ಅಧಿಕಾರಿಯೇ ಬರಬೇಕು, ಅದೂ ತೀರಾ ಅಪರೂಪದ ಸಂದರ್ಭದಲ್ಲಿ. ಹಾಗೇ ಇನ್ನೊಂದು, ನಿನ್ನ ಖಾತೆಗೆ ದುಡ್ಡು ಬರೋದಕ್ಕೆ ಯುಪಿಐ ಪಿನ್ ಒತ್ತಬೇಕಿಲ್ಲ. ಪಿನ್ ಕೇಳಿತು ಅಂದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ.

ಇಷ್ಟೆಲ್ಲ ಗೊತ್ತಿದ್ದೂ ಒಂದಿನ ನೀನೂ ಮೋಸ ಹೋಗಬಹುದು. ಜ್ವರ ಬಂದಿರುತ್ತೆ, ಕೆಲಸದ ಒತ್ತಡ ಇರುತ್ತೆ, ಅವರ ಮಾತೂ ಜೋರಾಗಿರುತ್ತೆ. ಮೋಸ ಮಾಡೋದಕ್ಕೆ ಚಳ್ಳೆಹಣ್ಣು ತಿನ್ನಿಸೋದು ಅಂತೀವಲ್ಲ, ಆ ಹಣ್ಣನ್ನು ನೀನು ಅಜ್ಜಿ ಮನೆಯಲ್ಲಿ ನೋಡಿದ್ದೀಯ. ಹಿಚುಕಿದರೆ ಒಳಗೆಲ್ಲ ಲೋಳೆ, ಗೋಂದಿನ ಹಾಗೆ ಬೆರಳಿಗೆ ಅಂಟಿಕೊಂಡರೆ ಬಿಡೋದೇ ಇಲ್ಲ. ಮೋಸ ಹೋದವರ ಬಾಯಿಯೂ ಹಾಗೇ ಅಂಟಿಕೊಂಡುಬಿಡುತ್ತೆ. ಜನ ಪೆದ್ದಿ ಅಂತಾರೆ, ಅಪ್ಪ ಬೈತಾರೆ, ಆಫೀಸಿನಲ್ಲಿ ನಗ್ತಾರೆ ಅಂತ ಒಂದು ದಿನ, ಎರಡು ದಿನ ಒಳಗೇ ಇಟ್ಟುಕೊಳ್ಳುತ್ತಾರೆ. ಅಷ್ಟರಲ್ಲಿ ಕಳ್ಳರು ದುಡ್ಡನ್ನು ಖಾತೆಯಿಂದ ಖಾತೆಗೆ ದಾಟಿಸಿ ತೆಗೆದುಬಿಟ್ಟಿರುತ್ತಾರೆ. ಬೇಗ ದೂರು ಕೊಟ್ಟರೆ ಆ ಖಾತೆಯಲ್ಲೇ ತಡೆಹಿಡಿಯೋದಕ್ಕೆ ದಾರಿ ಇರುತ್ತೆ. ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತೆ ಮಗಳೇ.

1930 ಅಂತ ಫೋನಿನಲ್ಲಿ ಈಗಲೇ ಸೇವ್ ಮಾಡಿಕೋ. ಅದು ಸೈಬರ್ ವಂಚನೆಗೆ ಇರೋ ಸಹಾಯವಾಣಿ. ಏನಾದರೂ ಆದರೆ ಮೊದಲು ಅಲ್ಲಿಗೆ, ಆಮೇಲೆ ಬ್ಯಾಂಕಿಗೆ, ಆಮೇಲೆ ನನಗೆ. ರಾತ್ರಿ ಎರಡು ಗಂಟೆಯಾದರೂ ಪರವಾಗಿಲ್ಲ. ನಾನು "ಯಾಕೆ ನಂಬಿದೆ" ಅಂತ ಕೇಳಲ್ಲ, ಅಪ್ಪನೂ ಕೇಳದ ಹಾಗೆ ನೋಡಿಕೊಳ್ಳುತ್ತೇನೆ.

ಆ ಹುಡುಗಿ ದೂರು ಕೊಟ್ಟಿದ್ದಾಳಾ? ಇಲ್ಲ ಅಂದರೆ ಇವತ್ತೇ ಕೊಡಿಸು, ಠಾಣೆಗೆ ಹೋಗುವುದಿದ್ದರೆ ನೀನೂ ಜೊತೆಗೆ ಹೋಗು.

ಅಮ್ಮ