ಜೌಗುಭೂಮಿ ಪುನಶ್ಚೇತನದ ವೃತ್ತಿಗೆ ವಿದ್ಯಾರ್ಥಿಗಳ ತರಬೇತಿ

ಆತ್ಮೀಯ ಸದಸ್ಯರೇ,

ಈ ವೃತ್ತಿಯನ್ನು ಬಯಸುವ ವಿದ್ಯಾರ್ಥಿಗಳಿಗೆ ತರಬೇತಿ ನೀಡುತ್ತಿರುವವರೆಲ್ಲರೂ ಸಸಿ ನೆಡುವುದಕ್ಕಿಂತ ಮೊದಲು ನೀರಿನ ಪಾಠದಿಂದ ಆರಂಭಿಸಬೇಕೆಂದು ಕೋರುತ್ತೇನೆ. ನೀರು ಎಲ್ಲಿಂದ ಬರುತ್ತದೆ, ಎಷ್ಟು ಆಳಕ್ಕೆ, ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ಅರಿಯದೆ ನೆಟ್ಟ ಗಿಡಗಳು ಸಾಮಾನ್ಯವಾಗಿ ಉಳಿಯುವುದಿಲ್ಲ. ಕಡಲತೀರದ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳ ವಿಷಯದಲ್ಲಿ ಇದು ಅನೇಕ ದೇಶಗಳಲ್ಲಿ ಕಂಡುಬಂದಿದೆ: ತೀರಾ ತಗ್ಗಿನ ಕೆಸರುಬಯಲಿನಲ್ಲಿ ನೆಟ್ಟ ಸಸಿಗಳು ಸಾಯುತ್ತವೆ, ಆದರೆ ತಡೆದಿದ್ದ ಉಬ್ಬರವಿಳಿತದ ನೀರಿಗೆ ಮತ್ತೆ ದಾರಿ ಮಾಡಿಕೊಟ್ಟ ಕಡೆ, ಸಮೀಪದಲ್ಲಿ ತಾಯಿಮರಗಳಿದ್ದರೆ, ಬೀಜಗಳು ತಾವಾಗಿಯೇ ತೇಲಿಬಂದು ಬೇರೂರುತ್ತವೆ.

ಎರಡನೆಯದು ಮಣ್ಣು. ಬಹುಕಾಲ ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕವಿಲ್ಲದೆ ಕಬ್ಬಿಣದ ಅಂಶವು ಕರಗಿ ಮಣ್ಣು ಬೂದುಬಣ್ಣಕ್ಕೆ ತಿರುಗುತ್ತದೆ, ಗಾಳಿ ತಾಗಿದ ಬೇರಿನ ಸುತ್ತ ತುಕ್ಕಿನ ಕಲೆಗಳು ಮೂಡುತ್ತವೆ. ಇದನ್ನು ಓದಬಲ್ಲ ವಿದ್ಯಾರ್ಥಿ ಒಣಗಾಲದಲ್ಲಿಯೂ ಹಳೆಯ ಜೌಗಿನ ಗಡಿಯನ್ನು ಗುರುತಿಸಬಲ್ಲನು; ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಉಪಯುಕ್ತವಾದ ಕ್ಷೇತ್ರಪಾಠ ಮತ್ತೊಂದಿಲ್ಲ.

ಭೂಮಾಪನ, ನಕ್ಷೆ ತಯಾರಿಕೆ ಮತ್ತು ಜೌಗುಭೂಮಿಗಳ ರಕ್ಷಣೆಗಾಗಿ ಆದ 1971ರ ಅಂತರರಾಷ್ಟ್ರೀಯ ರಾಮ್ಸಾರ್ ಒಪ್ಪಂದದ ಪರಿಚಯವೂ ಇರಲಿ. ಮೀನುಗಾರರು ಹಾಗೂ ರೈತರೊಡನೆ ಕುಳಿತು ಮಾತನಾಡುವ ಅಭ್ಯಾಸವನ್ನಂತೂ ಬಿಡಬಾರದು, ಏಕೆಂದರೆ ನೀರಿನ ಮಟ್ಟ ಬದಲಾದರೆ ಮೊದಲು ಬದಲಾಗುವುದು ಅವರ ಬದುಕು.

ಕನಿಷ್ಠ ಒಂದು ಪೂರ್ಣ ವರ್ಷ ವಿದ್ಯಾರ್ಥಿಗಳು ಒಂದೇ ಸ್ಥಳದ ನೀರಿನ ಮಟ್ಟವನ್ನು ದಾಖಲಿಸುವಂತೆ ಯೋಜಿಸಲು ಸಾಧ್ಯವಿರುವವರು ದಯವಿಟ್ಟು ಈ ಗುಂಪಿನಲ್ಲಿಯೇ ತಿಳಿಸಿರಿ.