ನೀರು ಮುಗಿಯೋದ್ರೊಳಗೆ

ಚಿ. ಪುಟ್ಟಿಗೆ ನಿನ್ನ ಮಾವನ ಆಶೀರ್ವಾದ. ಇಲ್ಲಿ ನಾವು ಕ್ಷೇಮ, ನಿಮ್ಮತ್ತೆ ಮಂಡಿನೋವು ಮಾತ್ರ ಹಾಗೇ ಇದೆ.

ನಿನ್ನೆ ನಿಮ್ಮಮ್ಮ ಫೋನ್ ಮಾಡಿದ್ಲು. ನಿಮ್ಮ ಲಾ ಕಾಲೇಜಿನ ಮೂಟ್ ಕೋರ್ಟಲ್ಲಿ, ಅದೇ ಆ ಅಣಕು ಕೋರ್ಟ್ ಸ್ಪರ್ಧೇಲಿ, ಸೋತೆ ಅಂತ ಎರಡು ದಿನದಿಂದ ಸರಿಯಾಗಿ ಊಟಾನೇ ಮಾಡ್ತಿಲ್ವಂತೆ, ಹನ್ನೆರಡು ಪೇಜ್ ರೆಡಿ ಮಾಡ್ಕೊಂಡು ಹೋಗಿದ್ದೆ ನಾಲ್ಕನೇ ಪೇಜಿಗೆ ಬರೋ ಹೊತ್ತಿಗೆ ಬೆಲ್ ಹೊಡೆದುಬಿಟ್ರು, ಅನ್ಯಾಯ ಅಂತ ಕೂಗಾಡಿದ್ಯಂತೆ. ಮೂವತ್ತೆರಡು ವರ್ಷ ತಾಲ್ಲೂಕು ಕೋರ್ಟಲ್ಲಿ ಕೂತು ಶಿರಸ್ತೇದಾರ್ ಆಗಿ ರಿಟೈರ್ ಆದೋನು ನಾನು, ವಕೀಲರ ಮಾತು ಕೇಳಿ ಕೇಳಿ ಕಿವಿ ಸವೆದಿದೆ, ಅದಕ್ಕೇ ವಾಟ್ಸಾಪಲ್ಲಿ ಎರಡು ಲೈನ್ ಹಾಕೋ ಬದಲು ಉದ್ದಕ್ಕೆ ಬರೀತಿದೀನಿ.

ಹೋದ ವರ್ಷ ನಿಮ್ಮ ಭಾವ ನಮ್ಮಿಬ್ರನ್ನೂ ಅಥೆನ್ಸಿಗೆ ಕರ್ಕೊಂಡು ಹೋಗಿದ್ನಲ್ಲ, ನಿಂಗೆ ಕಳಿಸಿದ ಫೋಟೋ ಎಲ್ಲಾ ಗುಡ್ಡದ ಮೇಲಿನ ದೇವಸ್ಥಾನದ್ದೇ. ನನ್ನ ಮನಸ್ಸು ನಿಂತಿದ್ದು ಮಾತ್ರ ಕೆಳಗಡೆ, ಅಗೋರಾ ಅನ್ನೋ ಅವರ ಹಳೇ ಪೇಟೆ ಇದ್ದ ಜಾಗದಲ್ಲಿ. ಅಲ್ಲಿನ ಮ್ಯೂಸಿಯಂನಲ್ಲಿ ಒಂದು ಮಣ್ಣಿನ ಪಾತ್ರೆ ಇದೆ, ಬುಡದ ಹತ್ರ ಸಣ್ಣ ತೂತು, ತೂತಿಗೆ ಕಂಚಿನ ಕೊಳವೆ. ತುಂಬಿ ಬಿಟ್ರೆ ಕೆಳಗಿನ ಪಾತ್ರೆಗೆ ಸುರಿದು ಖಾಲಿ ಆಗೋಕೆ ಸುಮಾರು 6 ನಿಮಿಷ. ಕ್ಲೆಪ್ಸಿಡ್ರಾ ಅಂತ ಹೆಸರು, ಅಂದ್ರೆ ನೀರುಗಳ್ಳ. ನಮ್ಮಲ್ಲಿ ಮದುವೆ ಮುಹೂರ್ತಕ್ಕೆ ಇಡ್ತಿದ್ದ ಗಳಿಗೆ ಬಟ್ಟಲು ಇತ್ತಲ್ಲ, ಅದು ನೀರು ತುಂಬಿ ಮುಳುಗುತ್ತೆ, ಇದು ಖಾಲಿ ಆಗುತ್ತೆ, ಅಷ್ಟೇ ವ್ಯತ್ಯಾಸ. ನಿಮ್ಮತ್ತೆ ಕಾಲುನೋವು ಅಂತ ಬೆಂಚ್ ಮೇಲೆ ಕೂತ್ಲು, ನಾನು ಅರ್ಧ ಗಂಟೆ ಅದರ ಮುಂದೇನೇ ನಿಂತಿದ್ದೆ.

ಹಳೇ ಕಾಲದ ಅಥೆನ್ಸಿನ ಕೋರ್ಟಲ್ಲಿ ಇದೇ ಗಡಿಯಾರ, ನೀರು ಮುಗಿದ್ರೆ ಮಾತೂ ಮುಗೀತು. ವಾದಿಗೂ ಪ್ರತಿವಾದಿಗೂ ಸಮಸಮ ನೀರು. ಕೇಸ್ ದೊಡ್ಡದಾದ್ರೆ ಜಾಸ್ತಿ ಕೊಡ, ಚಿಕ್ಕದಾದ್ರೆ ಕಮ್ಮಿ. ಖಾಸಗಿ ವ್ಯಾಜ್ಯದಲ್ಲಿ ಸಾಕ್ಷಿ ಹೇಳಿಕೆನೋ ಕಾನೂನೋ ಓದಿಸುವಾಗ ನೀರು ನಿಲ್ಲಿಸ್ತಿದ್ರು, ಅದು ನಿನ್ನ ಮಾತಲ್ಲವಲ್ಲ, ಲೆಕ್ಕಕ್ಕಿಲ್ಲ. ವಾಯಿದೆ ಗೀಯಿದೆ ಏನಿಲ್ಲ, ಒಂದೇ ದಿನದಲ್ಲಿ ತೀರ್ಪು. ನಮ್ಮ ಕೋರ್ಟಲ್ಲಿ ಒಂದು ಗದ್ದೆ ಬದುವಿನ ಕೇಸ್ ನಾನು ಕ್ಲರ್ಕ್ ಆಗಿ ಸೇರಿದಾಗ ಇತ್ತು, ರಿಟೈರ್ ಆದಾಗ್ಲೂ ಇತ್ತು, ನಡುವೆ ಇಬ್ರು ಕಕ್ಷಿದಾರರೂ ತೀರಿಕೊಂಡ್ರು.

ಜಡ್ಜು ಅಂತ ಒಬ್ರು ಇರ್ತಿರಲಿಲ್ಲ ಅಲ್ಲಿ. ಮೂವತ್ತು ದಾಟಿದ ನಾಗರಿಕರಲ್ಲಿ ವರ್ಷಕ್ಕೆ 6000 ಜನರನ್ನ ಚೀಟಿ ಎತ್ತಿ ಆರಿಸ್ಕೊಳ್ಳೋದು, ಅದರಲ್ಲಿ ಇವತ್ತು ಯಾರು ಯಾವ ಕೋರ್ಟಲ್ಲಿ ಕೂರಬೇಕು ಅನ್ನೋದಕ್ಕೆ ಅವತ್ತು ಬೆಳಿಗ್ಗೆನೇ ಮತ್ತೆ ಲಾಟರಿ. ಅದಕ್ಕೊಂದು ಕಲ್ಲಿನ ಚಪ್ಪಡಿ, ಸಾಲುಸಾಲು ಸೀಳು, ಅದರೊಳಗೆ ಹೆಸರು ಕೊರೆದ ಕಂಚಿನ ಪಟ್ಟಿ ತೂರಿಸೋದು. ಯಾರು ಕೂರ್ತಾರೆ ಅಂತಲೇ ಗೊತ್ತಿಲ್ದಿದ್ರೆ ದುಡ್ಡು ಯಾರ ಕೈಗೆ ಕೊಡ್ತೀಯ ಹೇಳು? ವೋಟ್ ಹಾಕೋಕೆ ಒಬ್ಬೊಬ್ಬರಿಗೂ ಎರಡು ಕಂಚಿನ ಬಿಲ್ಲೆ, ನಡುವಿನ ಕಡ್ಡಿ ಒಂದರಲ್ಲಿ ಟೊಳ್ಳು ಒಂದರಲ್ಲಿ ಗಟ್ಟಿ. ಟೊಳ್ಳು ವಾದಿಗೆ, ಗಟ್ಟಿ ಪ್ರತಿವಾದಿಗೆ. ಹೆಬ್ಬೆರಳು ತೋರುಬೆರಳಲ್ಲಿ ಕಡ್ಡಿಯ ಎರಡೂ ತುದಿ ಮುಚ್ಚಿ ಹಿಡಿದ್ರೆ ಪಕ್ಕದಲ್ಲಿರೋನಿಗೂ ಗೊತ್ತಾಗಲ್ಲ. ಗುಪ್ತ ಮತದಾನ ಅಂತ ನಾವು ಬೂತಲ್ಲಿ ರಟ್ಟು ಅಡ್ಡ ಇಟ್ಟು ಮಾಡೋದನ್ನ ಅವರು ಎರಡು ಬೆರಳಲ್ಲಿ ಮಾಡಿದ್ರು ಕಣೆ.

ವಕೀಲರೂ ಇಲ್ಲ, ತಂತಮ್ಮ ಕೇಸು ತಾವೇ ಮಾತಾಡ್ಬೇಕು. ಹಾಗಾಗಿ ಭಾಷಣ ಬರ್ಕೊಡೋರು ಹುಟ್ಕೊಂಡ್ರು. ಅವರಲ್ಲಿ ಲಿಸಿಯಾಸ್ ಅಂತ ಒಬ್ಬ, ಹೊರಗಿನೋನು ಅಂತ ಅವನಿಗೆ ಪೌರತ್ವ ಇರಲಿಲ್ಲ, ಇನ್ನೊಬ್ರಿಗೆ ಬರ್ಕೊಟ್ಟು ಬದುಕ್ತಿದ್ದ. ಅವನ ಒಂದು ಸಣ್ಣ ಭಾಷಣ ನೀನು ಓದ್ಲೇಬೇಕು. ಒಬ್ಬ ಬಡ ಅಂಗವಿಕಲ, ಸರ್ಕಾರದಿಂದ ದಿನಕ್ಕೆ ಒಂದು ಒಬೊಲ್ ಮಾಸಾಶನದ ಥರ ಬರ್ತಿರುತ್ತೆ, ಒಬೊಲ್ ಅಂದ್ರೆ ಡ್ರಾಕ್ಮಾ ಅನ್ನೋ ಅವರ ಬೆಳ್ಳಿ ನಾಣ್ಯದ ಆರನೇ ಒಂದು ಪಾಲು. ಯಾವನೋ ಬಂದು ಇವನಿಗೇನೂ ಆಗಿಲ್ಲ, ಕುದುರೆ ಸವಾರಿ ಮಾಡ್ತಾನೆ ಅಂತ ಕೌನ್ಸಿಲ್ ಮುಂದೆ ಕಂಪ್ಲೇಂಟ್ ಹಾಕ್ತಾನೆ. ಅದಕ್ಕೆ ಇವನು ಹೇಳ್ತಾನೆ, ನಂಗೆ ದುಡ್ಡಿದ್ದಿದ್ರೆ ಮೆತ್ತನೆ ಜೀನು ಹಾಕಿದ ಹೇಸರಗತ್ತೆ ಮೇಲೆ ಹೋಗ್ತಿದ್ದೆ, ಇಲ್ಲ ಅಂತಾನೇ ಕಂಡೋರ ಕುದುರೆ ಕೇಳಿ ಹತ್ತೋದು, ಉಳಿದೋರು ಒಂದು ಕೋಲು ಹಿಡೀತಾರೆ ನಾನು ಎರಡು ಹಿಡೀತೀನಿ, ಅದನ್ನೂ ಗಟ್ಟಿಮುಟ್ಟಾಗಿರೋ ಲಕ್ಷಣ ಅಂತ ಯಾಕೆ ಹೇಳಲಿಲ್ಲ? ನನ್ನ ಕುಂಟುಕಾಲೇನು ಆಸ್ತಿವಂತರ ಮಗಳಾ, ನಂಗೆ ಬೇಕು ಅಂತ ಇವನು ಜಗಳಕ್ಕೆ ಬರೋಕೆ?

ನೋಡು ಪುಟ್ಟಿ, ಸೈಟೇಶನ್ ಅಂತ ಹಳೇ ತೀರ್ಪಿನ ಉಲ್ಲೇಖ ಒಂದೂ ಇಲ್ಲ. ಆ ಮನುಷ್ಯನ ಬಾಯಲ್ಲಿ ಬರೋ ಮಾತೇ, ಅವನದ್ದೇ ಕುಚೋದ್ಯ. ಬರೆದೋನು ಬೇರೆ ಅಂತ ಅನ್ಸೋದೇ ಇಲ್ಲ. ಒಪ್ಪಿಸೋ ಮಾತನ್ನ ಎಥೋಸ್ ಲೋಗೋಸ್ ಪೇಥೋಸ್, ಅಂದ್ರೆ ಮಾತಾಡೋನ ಗುಣ, ತರ್ಕ, ಕೇಳೋರ ಭಾವನೆ ಅಂತ ಅರಿಸ್ಟಾಟಲ್ ವಿಂಗಡಿಸಿದ್ದನ್ನ ನಿಮ್ಮ ಮೇಷ್ಟ್ರು ಪಿಪಿಟಿಲಿ ತೋರಿಸಿರ್ತಾರೆ, ಅದಕ್ಕಿಂತ ಆ ಎರಡು ಕೋಲಿನ ಮಾತು ನಿಂಗೆ ಜಾಸ್ತಿ ಕಲಿಸುತ್ತೆ. ನಿನ್ನ ಹನ್ನೆರಡು ಪೇಜ್ ನಿಮ್ಮಮ್ಮ ಕಳಿಸಿದ್ಲು, ಓದಿದೆ. ನಿನ್ನ ಕಕ್ಷಿದಾರ ಯಾರು, ಅವನಿಗೆ ಏನಾಯ್ತು ಅನ್ನೋದು ಒಂಬತ್ತನೇ ಪೇಜಲ್ಲಿದೆ. ಬೇಜಾರಾಗ್ಬೇಡ, ಇದ್ದದ್ದು ಇದ್ದ ಹಾಗೆ ಹೇಳ್ತಿದೀನಿ.

ಆ ಗ್ರೀಕರೇನು ದೇವರಲ್ಲ. ನೀನು ಅಲ್ಲಿ ಹುಟ್ಟಿದ್ರೆ ಕೋರ್ಟಲ್ಲಿ ಬಾಯಿ ಬಿಡೋ ಹಾಗಿರಲಿಲ್ಲ, ಹೆಂಗಸರ ಪರವಾಗಿ ಮನೆ ಗಂಡಸೇ ನಿಲ್ಬೇಕಿತ್ತು. ಗುಲಾಮರ ಸಾಕ್ಷಿ ಚಿತ್ರಹಿಂಸೆ ಕೊಟ್ಟು ಹೇಳಿಸಿದ್ರೆ ಮಾತ್ರ ಚಲಾವಣೆ, ಅದನ್ನ ಓದಿದಾಗ ನಂಗೆ ಆ ಮ್ಯೂಸಿಯಂನ ಖುಷಿ ಅರ್ಧ ಇಳಿದುಹೋಯ್ತು. ಸುಳ್ಳು ಕೇಸ್ ಹಾಕಿ ದುಡ್ಡು ಕೀಳೋರೂ ತುಂಬಾ ಇದ್ರು, ಅವರ ಹೆಸರೇ ಇವತ್ತಿನ ಸೈಕೋಫ್ಯಾಂಟ್, ಇಂಗ್ಲಿಷಿಗೆ ಬಂದು ಬಾಲಬಡುಕ ಅನ್ನೋ ಅರ್ಥ ಬಂತು. ಅಂಥೋರನ್ನ ತಡೆಯೋಕೆ ಸಾರ್ವಜನಿಕ ಮೊಕದ್ದಮೆ ಹಾಕಿದೋನಿಗೆ ಐದರಲ್ಲೊಂದು ಭಾಗ ವೋಟೂ ಬೀಳದಿದ್ರೆ 1000 ಡ್ರಾಕ್ಮಾ ದಂಡ. ಇದೊಂದನ್ನ ಮಾತ್ರ ನಮ್ಮೂರಿಗೆ ತರಬೇಕಿತ್ತು ಅಂತ ನಂಗೆ ಆಸೆ.

ಇನ್ನು ಟೈಮ್ ಸಾಲಲಿಲ್ಲ ಅನ್ನೋ ನಿನ್ನ ತಕರಾರು. ಅದನ್ನ ಕ್ರಿ.ಪೂ. 399ರಲ್ಲೇ ಒಬ್ರು ಎತ್ತಿದ್ರು, ಎಪ್ಪತ್ತು ವರ್ಷದ ಸಾಕ್ರಟೀಸ್. ಬೇರೆ ಕಡೆ ಇರೋ ಹಾಗೆ ಪ್ರಾಣ ಹೋಗೋ ಕೇಸನ್ನ ಒಂದೇ ದಿನ ಅಲ್ಲದೆ ಹಲವು ದಿನ ನಡೆಸೋ ಕಾನೂನು ನಿಮ್ಮಲ್ಲೂ ಇದ್ದಿದ್ರೆ ನಾನು ನಿಮ್ಮನ್ನ ಒಪ್ಪಿಸ್ತಿದ್ದೆ ಅಂತ ಹೇಳಿದ್ರಂತೆ, ಪ್ಲೇಟೋ ಬರೆದಿದಾನೆ. ಬರೀ ಮೂವತ್ತು ವೋಟ್ ಆ ಕಡೆಯಿಂದ ಈ ಕಡೆ ಬಂದಿದ್ರೆ ಬಿಡುಗಡೆ ಆಗ್ತಿತ್ತು. ಅವರ ತಕರಾರು ನ್ಯಾಯವಾಗಿತ್ತು ಅಂತಾನೇ ನನ್ನ ಅಭಿಪ್ರಾಯ. ನಮ್ಮ ಎಡನೀರು ಮಠದ ಕೇಶವಾನಂದ ಭಾರತಿಯವರ ಕೇಸಲ್ಲಿ 13 ಜಡ್ಜುಗಳು 68 ದಿನ ವಾದ ಕೇಳಿದ್ರು, ಸಂವಿಧಾನದ ಪ್ರಶ್ನೆ, ಕೇಳ್ಲೇಬೇಕಿತ್ತು. ನಿಂದು ಬಾಡಿಗೆ ಕರಾರಿನ ಕೇಸ್ ಕಣಮ್ಮ.

ಭಾನುವಾರ ಬೆಳಗಿನ ಬಸ್ಸಿಗೆ ಬಾ. ಅಟ್ಟದಲ್ಲಿದ್ದ ಹಳೇ ತಾಮ್ರದ ಬಿಂದಿಗೆಗೆ ತೂತು ಹೊಡೆಸಿ, ನೀರು ತುಂಬಿ, ಬೆರಳು ಒತ್ತಿ ಇಟ್ಕೊಂಡಿರ್ತೀನಿ. ಮುಂಬಾಗಿಲಿಂದ ಬಾ, ಹಿತ್ತಲಿಂದ ಬಂದ್ರೆ ನಿಮ್ಮತ್ತೆ ಸಿಕ್ತಾಳೆ, ಬಿಂದಿಗೆ ವಿಷಯ ಅವಳಿಗಿನ್ನೂ ಹೇಳಿಲ್ಲ.

ಇಂತಿ ನಿನ್ನ ಮಾವ