ಕ್ಯಾಸ್ಟ್ರೊ ಬೆಂಬಲದ ಬೇರು ಹಕ್ಕುಪತ್ರದಲ್ಲಿತ್ತು

ಸಂಪಾದಕರೇ,

1959ರಲ್ಲಿ ಕ್ಯೂಬಾದ ಅಧಿಕಾರ ಹಿಡಿದ ಕ್ರಾಂತಿಕಾರಿ ಫಿಡೆಲ್ ಕ್ಯಾಸ್ಟ್ರೊ ಕುರಿತ ಬರಹಗಳು ಸಾಮಾನ್ಯವಾಗಿ ಗಂಟೆಗಟ್ಟಲೆಯ ಭಾಷಣ, ಇಲ್ಲವೇ ಜೈಲು–ಬೇಹುಗಾರಿಕೆಯ ಸುತ್ತಲೇ ಗಿರಕಿ ಹೊಡೆಯುತ್ತವೆ. ಎರಡೂ ಸುಳ್ಳಲ್ಲ. ಆದರೆ ಕ್ಯೂಬಾದ ಬಡವರು ಅಷ್ಟು ದೀರ್ಘಕಾಲ ಅವರ ಬೆನ್ನಿಗೆ ನಿಂತದ್ದೇಕೆ ಎಂದು ತಿಳಿಯಲು ಅವರ ಆಡಳಿತದ ಮೊದಲ ಮೂರು ವರ್ಷಗಳ ಕಾಯ್ದೆಗಳನ್ನು ಬಿಡಿಸಿ ನೋಡಬೇಕು.

1959ರ ಮಾರ್ಚ್‌ನಲ್ಲೇ ಮನೆ ಬಾಡಿಗೆ ಇಳಿಯಿತು. 100 ಪೆಸೊ ಒಳಗಿನ ಬಾಡಿಗೆಗೆ ಅರ್ಧದಷ್ಟು, ಅದಕ್ಕಿಂತ ಹೆಚ್ಚಿನದಕ್ಕೆ ಶೇ 40 ಅಥವಾ 30ರಷ್ಟು ಕಡಿತ. ಮೇ 17ರ ಭೂಸುಧಾರಣಾ ಕಾಯ್ದೆ ಹಿಡುವಳಿಗೆ 402 ಹೆಕ್ಟೇರ್ ಮಿತಿ ಹಾಕಿತು. ಉಳುತ್ತಿದ್ದವರು ಗೇಣಿದಾರರಾಗಲಿ, ಪಾಲಿಗೆ ಮಾಡುವವರಾಗಲಿ, ಸುಮಾರು 27 ಹೆಕ್ಟೇರ್‌ವರೆಗಿನ ಭೂಮಿ ಪುಕ್ಕಟೆಯಾಗಿ ಅವರ ಹೆಸರಿಗೆ ಬಂತು. ಮರುವರ್ಷ ಅಕ್ಟೋಬರ್‌ನ ನಗರ ಸುಧಾರಣಾ ಕಾಯ್ದೆಯಡಿ ಬಾಡಿಗೆಯೇ ಮನೆ ಕೊಳ್ಳುವ ಕಂತಾಯಿತು.

ಇಲ್ಲೊಂದು ಮಾತು ಹೇಳಲೇಬೇಕು. ದೊಡ್ಡ ಕಬ್ಬಿನ ಎಸ್ಟೇಟುಗಳನ್ನು ಹಂಚಲೇ ಇಲ್ಲ. ಅವು ಮೊದಲು ಸಹಕಾರ ಸಂಘಗಳಾಗಿ, ಆಮೇಲೆ ಸರ್ಕಾರಿ ಫಾರ್ಮುಗಳಾದವು. 1963ರಲ್ಲಿ ಮಿತಿಯನ್ನು 67 ಹೆಕ್ಟೇರ್‌ಗೆ ಇಳಿಸಿದಾಗ ಭೂಮಿಯ ಬಹುಪಾಲು ಸರ್ಕಾರದ ಕೈ ಸೇರಿತ್ತು. ಹಾಗಿದ್ದೂ ಕೂಲಿಕಾರರು ಮುನಿಯಲಿಲ್ಲ. ಕಟಾವಿನ ನಾಲ್ಕೈದು ತಿಂಗಳು ದುಡಿದು ಉಳಿದ ಕಾಲವೆಲ್ಲ ಸಾಲದಲ್ಲಿ ಬದುಕುತ್ತಿದ್ದವರಿಗೆ ವರ್ಷವಿಡೀ ಸಂಬಳ ಸಿಕ್ಕಿತ್ತು. ಜಮೀನಿಗಿಂತ ಅವರಿಗೆ ಬೇಕಾಗಿದ್ದದ್ದು ಅದೇ.

1961ರ ಸಾಕ್ಷರತಾ ಆಂದೋಲನದ ಲಾಭವನ್ನು ಬರೀ ಅಂಕಿಯಲ್ಲಿ ಅಳೆಯುವುದು ತಪ್ಪು. ಸುಮಾರು ಒಂದು ಲಕ್ಷ ಹದಿಹರೆಯದವರು ಪಠ್ಯಪುಸ್ತಕ, ಸೀಮೆಎಣ್ಣೆ ಲಾಂದ್ರ ಹಿಡಿದು ಹಳ್ಳಿಗೆ ಹೋದರು; ಹಗಲು ಆ ಮನೆಯವರ ಹೊಲದಲ್ಲಿ ಕೆಲಸ, ರಾತ್ರಿ ಪಾಠ. ಏಳು ಲಕ್ಷಕ್ಕೂ ಹೆಚ್ಚು ಜನ ಓದು ಕಲಿತರು. ಕೊನೆಯ ಪರೀಕ್ಷೆಯ ಭಾಗವಾಗಿ ಕಲಿತವರು ಕ್ಯಾಸ್ಟ್ರೊಗೆ ಒಂದು ಪತ್ರ ಬರೆಯಬೇಕಿತ್ತು. ಬದುಕಿನಲ್ಲಿ ಬರೆದ ಮೊದಲ ಪತ್ರವೇ ನಾಯಕನಿಗೆ! ಇದಕ್ಕಿಂತ ಜಾಣ ರಾಜಕಾರಣ ಇನ್ನೊಂದಿಲ್ಲ. ನಗರದ ಮಕ್ಕಳು ಹಳ್ಳಿಯ ಬಡತನ ಕಂಡು ಬಂದದ್ದು ಇನ್ನೊಂದು ಲಾಭ.

ಹಕ್ಕುಪತ್ರ, ಅಕ್ಷರ ಒಮ್ಮೆ ಕೊಟ್ಟರೆ ಮುಗಿಯಿತು. ಹಳೆಯ ಮಾಲೀಕ ಮರಳಿದರೆ ಕಳೆದುಕೊಳ್ಳುವ ಭಯವೇ ಬೆಂಬಲವನ್ನು ಕಾಯುತ್ತದೆ. ಅಮೆರಿಕದ 1996ರ ಹೆಲ್ಮ್ಸ್–ಬರ್ಟನ್ ಕಾಯ್ದೆ ಕ್ಯೂಬಾದಲ್ಲಿ ಜಪ್ತಿಯಾದ ಆಸ್ತಿಗಳ ಮೇಲಿನ ಹಕ್ಕು ಕೇಳಿಕೆಗೆ ಬಲ ಕೊಟ್ಟು ಆ ಭಯಕ್ಕೆ ತಾನೇ ಗೊಬ್ಬರ ಹಾಕಿತು. ಪಡಿತರದ್ದು ಬೇರೆ ಲೆಕ್ಕ, ಅದನ್ನು ತಿಂಗಳು ತಿಂಗಳೂ ಕೊಡಬೇಕು. ಕೈಯಲ್ಲಿ ಕಾಸು ಹೆಚ್ಚಿ ಅಂಗಡಿಯಲ್ಲಿ ಸರಕು ಕಡಿಮೆಯಾದಾಗ, 1962ರ ಮಾರ್ಚ್‌ನಲ್ಲಿ ಪಡಿತರ ಪುಸ್ತಕ ಬಂತು. ಆಗ ತಲೆಗೆ ತಿಂಗಳಿಗೆ 6 ಪೌಂಡ್ ಅಕ್ಕಿ; 1966ರಲ್ಲಿ ಅಕ್ಕಿ ಕಳಿಸುತ್ತಿದ್ದ ಚೀನಾ ಜತೆ ಮನಸ್ತಾಪವಾದಾಗ ಅದು 3 ಪೌಂಡ್‌ಗೆ ಇಳಿಯಿತು. ಸೋವಿಯತ್ ಒಕ್ಕೂಟ ಸಕ್ಕರೆಗೆ ಮಾರುಕಟ್ಟೆಗಿಂತ ಹೆಚ್ಚಿನ ಬೆಲೆ ಕೊಡುತ್ತಿದ್ದಷ್ಟು ಕಾಲ ಹೇಗೋ ನಡೆಯಿತು. 1968ರಲ್ಲಿ ಗೂಡಂಗಡಿಗಳನ್ನೂ ರಾಷ್ಟ್ರೀಕರಿಸಿದ್ದು ಶುದ್ಧ ಮೂರ್ಖತನ: ಸರ್ಕಾರ ಪೂರೈಸಲಾಗದ ಸಣ್ಣಪುಟ್ಟ ಸಾಮಾನುಗಳಿಗೆ ಬೇರೆ ದಾರಿಯೇ ಉಳಿಯಲಿಲ್ಲ. ಸೋವಿಯತ್ ಕುಸಿದ ಮೇಲೆ, 1994ರ ಆಗಸ್ಟ್ 5ರಂದು ಹವಾನಾದ ಸಮುದ್ರದಂಡೆಯಲ್ಲಿ ಜನ ಬೀದಿಗಿಳಿದರು. ಅಕ್ಟೋಬರ್‌ನಲ್ಲಿ ರೈತರ ಮುಕ್ತ ಮಾರುಕಟ್ಟೆಗಳನ್ನು ತೆರೆಯಬೇಕಾಯಿತು.

ಎದುರಾಳಿ ಪಕ್ಷವಿಲ್ಲದ, ಬೀದಿ ಬೀದಿಗೆ ಕಣ್ಗಾವಲು ಸಮಿತಿಯಿದ್ದ ದೇಶದಲ್ಲಿ ಬೆಂಬಲ ಎಷ್ಟಿತ್ತೆಂದು ಮತ ಎಣಿಸಿ ಹೇಳಲಾಗದು, ಒಪ್ಪುತ್ತೇನೆ. 1980ರಲ್ಲಿ ಮಾರಿಯಲ್ ಬಂದರಿನಿಂದ ಸುಮಾರು 1.25 ಲಕ್ಷ ಜನ ಅಮೆರಿಕಕ್ಕೆ ಹೊರಟುಹೋದರು. 2021ರ ಜುಲೈ 11ರಂದು ಬೀದಿಗಿಳಿದವರಲ್ಲಿ ಬಹಳಷ್ಟು ಮಂದಿ ಗೇಣಿಯನ್ನಾಗಲಿ, ಹಳೆಯ ಮಾಲೀಕರನ್ನಾಗಲಿ ಕಂಡವರಲ್ಲ. ಅವರು ಕೇಳಿದ್ದು ಊಟ, ಔಷಧ, ಕರೆಂಟು, ಜತೆಗೆ ಸ್ವಾತಂತ್ರ್ಯ.

– ಓರ್ವ ಓದುಗ